ಹಳೆಯ ಎಂ. ಜಿ. ಗಾಡಿಯ ಸಾಕಣೆ

ಮಾನ್ವಿ ಸೀಮೆಯ ಕವಿತಾಳದಿಂದ ವಾಚಕ ಮಹಾಶಯರೊಬ್ಬರು ಬರೆದು ಕೇಳಿರುವ ಪ್ರಶ್ನೆಯನ್ನೇ ಈ ತಿಂಗಳ ನಮ್ಮ ಪುಟಕ್ಕೆ ವಿಷಯವಾಗಿ ಎತ್ತಿಕೊಂಡಿದ್ದೇವೆ. ಹೈದರಾಬಾದಿನಲ್ಲಿರುವ ಅವರ ಸೋದರಮಾವನವರ ಮನೆಯ ಷೆಡ್ಡಿನಲ್ಲಿ ೧೯೪೭ನೆಯ ಇಸವಿಯ ಎಂ. ಜಿ. ಟಿ. ಸಿ. ಎಂಬ ಎರಡೇ ಆಸನಗಳ ಸ್ಪೋರ್ಟ್ಸ್ ಕಾರೊಂದು ಹದಿನೈದು ವರ್ಷಗಳಿಂದ ನಿಂತಲ್ಲಿಯೇ ನಿಂತಿದೆಯಂತೆ. ಮಾವನವರಿಗೆ ವಯಸ್ಸಾಗಿದೆ. ಹೊರಗಿನವರ ಪಾಲಾಗುವುದಕ್ಕಿಂತ ಸೋದರಳಿಯನ ಮನೆಯಲ್ಲಿರಲಿ ಎಂದು ನೆಂಟಸ್ತಿಕೆಯ ಬೆಲೆಗೆ ಕೊಡಲು ಒಪ್ಪಿದ್ದಾರೆ. ನಮ್ಮ ವಾಚಕರಿಗೆ ಮನಸ್ಸು ಬಂದಿದೆ. ಅವರ ಮನೆಯಾಕೆಗೆ ಬಂದಿಲ್ಲ. ಕೈಯಲ್ಲಿರುವ ಹಣ ಮಗಳ ಮುಂದಿನ ಓದಿಗೆಂದು ಕೂಡಿಟ್ಟದ್ದು, ಓಡದ ಗಾಡಿಯ ಮೇಲೆ ಅದನ್ನು ಸುರಿಯುವುದು ಯಾವ ನ್ಯಾಯ ಎಂಬುದು ಆಕೆಯ ಮಾತು. ಇಬ್ಬರೂ ಈ ಪತ್ರಿಕೆಯನ್ನು ಓದತಕ್ಕವರಾದುದರಿಂದ, ನಮ್ಮ ಅಭಿಪ್ರಾಯವನ್ನು ಕೇಳಿ ಆಮೇಲೆ ನಿಶ್ಚಯಿಸುವುದೆಂದು ಒಪ್ಪಿಕೊಂಡಿದ್ದಾರೆ.

ಪರರ ಮನೆಯ ಹಣದ ವಿಷಯದಲ್ಲಿ ಹೌದು, ಅಲ್ಲ ಎಂದು ಒಮ್ಮೆಲೇ ತೀರ್ಪು ಕೊಡುವುದು ನಮಗೆ ಒಪ್ಪುವ ಕೆಲಸವಲ್ಲ. ಇಂತಹ ಗಾಡಿಯು ತನ್ನ ಯಜಮಾನನಿಂದ ಏನೇನನ್ನು ಕೇಳುವುದೆಂಬುದನ್ನು ಮಾತ್ರ ವಿವರವಾಗಿ ಹೇಳಬಲ್ಲೆವು. ರಾಯಚೂರು ಸೀಮೆಯ ಜನರಿಗೆ ಇದರ ತಿರುಳು ಅಪರಿಚಿತವಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಕೊಂಬಿಗೆ ಬಣ್ಣ ಬಳಿದು ಓಡಿಸುವುದನ್ನು ಊರೆಲ್ಲ ನೆರೆದು ನೋಡುತ್ತದೆ. ಮಿಕ್ಕ ದಿನಗಳಲ್ಲಿ ಅದರ ಮೇವು ನೀರು ನೋಡಿದವನನ್ನು ಯಾರೂ ನೋಡುವುದಿಲ್ಲ. ಹಳೆಯ ಕಾರಿನ ಒಡೆತನವೂ ಹಾಗೆಯೇ. ಕೊಳ್ಳುವುದು ಒಂದು ದಿನದ ಕೆಲಸ, ಸಾಕುವುದು ವರ್ಷಗಟ್ಟಲೆಯ ಕೆಲಸ. ಸಾಕಲಾರದವನು ಕೊಂಡರೆ ಮನೆಗೂ ಅನ್ಯಾಯ, ಗಾಡಿಗೂ ಅನ್ಯಾಯ.

ಮೊದಲು ಗಾಡಿಯ ಕುಲಗೋತ್ರವನ್ನು ತಿಳಿದುಕೊಳ್ಳೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಲ್ಲಿ ಮೋರಿಸ್ ಗ್ಯಾರೇಜಸ್ ಎಂಬ ಅಂಗಡಿಯಿತ್ತು. ಅದರ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ ಎಂಬಾತನು ಮೋರಿಸ್ ಕಾರುಗಳ ಚಾಸಿಯ ಮೇಲೆ ಚೆಲುವಾದ ಹಗುರ ಮೈಗಳನ್ನು ಕೂರಿಸಿ ಮಾರತೊಡಗಿದನು. ಅಂಗಡಿಯ ಮೊದಲಕ್ಷರಗಳೇ ಗಾಡಿಯ ಹೆಸರಾದವು. ೧೯೨೮ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಎಂ ಟೈಪ್ ಮಿಡ್ಜೆಟ್ ಎಂಬ ೮೪೭ ಘನ ಸೆಂಟಿಮೀಟರಿನ ಪುಟ್ಟ ಗಾಡಿಯು, ಸ್ಪೋರ್ಟ್ಸ್ ಕಾರೆಂದರೆ ಸಿರಿವಂತರ ಸೊತ್ತು ಎಂಬ ಭಾವನೆಯನ್ನು ಅಳಿಸಿ, ಮಧ್ಯಮ ವರ್ಗದ ತರುಣರ ಕೈಗೆ ಎಟುಕಿತು. ಅದರ ಸಂತತಿಯಲ್ಲಿ ೧೯೩೬ರಲ್ಲಿ ಟಿ. ಎ., ೧೯೩೯ರಲ್ಲಿ ಟಿ. ಬಿ., ಎರಡನೆಯ ಮಹಾಯುದ್ಧ ಮುಗಿದ ೧೯೪೫ರಲ್ಲಿ ಟಿ. ಸಿ. ಹುಟ್ಟಿದವು. ಕಿಂಬರನು ತನ್ನ ಕನಸಿನ ಈ ಕೂಸನ್ನು ಕಾಣಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ನಡೆದ ರೈಲು ಅಪಘಾತವೊಂದರಲ್ಲಿ ತೀರಿಕೊಂಡನು.

ಟಿ. ಸಿ. ಗಾಡಿಗಳು ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ೧೯೪೯ರವರೆಗೆ ತಯಾರಾದವು. ಒಟ್ಟು ಸಂಖ್ಯೆ ಸುಮಾರು ೧೦,೦೦೦. ಯುದ್ಧದಿಂದ ಬಡವಾಗಿದ್ದ ಇಂಗ್ಲೆಂಡಿಗೆ ಹೊರನಾಡಿನ ಹಣ ಬೇಕಾಗಿದ್ದ ಕಾಲವದು. ಆದುದರಿಂದ ಸುಮಾರು ಮೂರರಲ್ಲಿ ಎರಡು ಪಾಲು ಗಾಡಿಗಳು ಹಡಗನ್ನೇರಿ ಅಮೇರಿಕ ಮೊದಲಾದ ದೇಶಗಳಿಗೆ ಹೋದವು. ಎಡಗಡೆಯಲ್ಲಿ ಚುಕ್ಕಾಣಿ ಬೇಕಾಗಿದ್ದ ಅಮೇರಿಕದವರಿಗೂ ಬಲಗಡೆಯ ಚುಕ್ಕಾಣಿಯ ಗಾಡಿಯನ್ನೇ ಕೊಟ್ಟರು, ಅವರೂ ಸಂತೋಷದಿಂದಲೇ ಕೊಂಡರು. ನಮ್ಮ ದೇಶಕ್ಕೂ ಕೆಲವು ಬಂದವು. ಎಂ. ಜಿ. ಎಂಬ ಹೆಸರು ಈಗ ಚೀನಾ ದೇಶದ ಕಂಪನಿಯೊಂದರ ಸೊತ್ತಾಗಿದೆ. ೨೦೧೯ರಿಂದ ಆ ಹೆಸರಿನ ಹೊಸ ಗಾಡಿಗಳು ಗುಜರಾತಿನ ಹಾಲೋಲ್‌ನಲ್ಲಿಯೂ ತಯಾರಾಗುತ್ತಿವೆ. ಹೆಸರು ಒಂದೇ ಎಂದು ಹೊಸ ಗಾಡಿಯ ಅಂಗಡಿಗೆ ಹಳೆಯ ಗಾಡಿಯನ್ನು ಕೊಂಡೊಯ್ದರೆ ಪ್ರಯೋಜನವಿಲ್ಲ. ತಾತನ ಹೆಸರಿಟ್ಟ ಮಾತ್ರಕ್ಕೆ ಮೊಮ್ಮಗನಿಗೆ ತಾತನ ಕಾಲದ ಸಂಗತಿಗಳು ತಿಳಿದಿರುವುವೆ?

ಗಾಡಿಯ ಮೈಕಟ್ಟನ್ನು ಅರಿತವನಿಗೆ ಸಾಕಣೆ ಅರ್ಧ ತಿಳಿದಂತೆಯೇ. ಕೆಳಗೆ ಉಕ್ಕಿನ ಏಣಿಯಂತಹ ಚಾಸಿ. ಅದರ ಮೇಲೆ ಆಶ್ ಎಂಬ ವಿಲಾಯಿತಿ ಮರದ ಚೌಕಟ್ಟು. ಆ ಮರಕ್ಕೆ ಹೊದಿಸಿದ ಉಕ್ಕಿನ ತಗಡು. ಮುಂದೆ ೧,೨೫೦ ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಎಂಜಿನು. ಅದರ ಬಲ ೫೪ ಅಶ್ವಶಕ್ತಿ. ಎಸ್. ಯು. ಎಂಬ ಕಂಪನಿಯ ಎರಡು ಕಾರ್ಬ್ಯುರೇಟರುಗಳು. ಹತ್ತೊಂಬತ್ತು ಅಂಗುಲದ, ತಂತಿಕಡ್ಡಿಗಳ ಎತ್ತರವಾದ ಚಕ್ರಗಳು. ಬಾಗಿಲುಗಳು ಹಿಂದಿನ ಕಂಬಕ್ಕೆ ಕೀಲಾಗಿ ಮುಂದಿನಿಂದ ತೆರೆಯುತ್ತವೆ. ಒಟ್ಟು ತೂಕ ೮೦೦ ಕಿಲೋ ಒಳಗೆಯೇ. ಪೆಟ್ರೋಲು ಎಷ್ಟಿದೆಯೆಂದು ತೋರಿಸುವ ಮುಳ್ಳು ಕೂಡ ಇದರಲ್ಲಿಲ್ಲ. ಮುಗಿಯುತ್ತ ಬಂದಾಗ ಹೊತ್ತಿಕೊಳ್ಳುವ ಒಂದು ಸಣ್ಣ ದೀಪವುಂಟು, ಅಷ್ಟೆ. ಗಂಟೆಗೆ ಎಪ್ಪತ್ತೈದು ಮೈಲಿಗಿಂತ ಹೆಚ್ಚಾಗಿ ಓಡದ ಈ ಗಾಡಿಯನ್ನು ಇಂದಿನ ಯಾವ ಸಾಧಾರಣ ಕಾರೂ ಹಿಂದಕ್ಕೆ ಹಾಕೀತು. ಇದರ ಸೊಗಸು ವೇಗದಲ್ಲಿಲ್ಲ. ಯಂತ್ರವು ಏನು ಮಾಡುತ್ತಿದೆಯೆಂಬುದು ಓಡಿಸುವವನ ಅಂಗೈಗೂ ಕಿವಿಗೂ ನೇರವಾಗಿ ತಿಳಿಯುವುದರಲ್ಲಿದೆ.

ಹದಿನೈದು ವರ್ಷ ನಿಂತಿದೆ ಎಂಬ ಮಾತನ್ನು ಕೇಳಿ, ಹಾಗಾದರೆ ಹೆಚ್ಚು ಸವೆದಿರಲಾರದು ಎಂದು ಅನೇಕರು ಸಂತೋಷಪಡುತ್ತಾರೆ. ಅದು ಭ್ರಮೆ. ಓಡಿ ಸವೆಯುವುದು ಸ್ವಲ್ಪ, ನಿಂತು ಕೆಡುವುದು ಬಹಳ. ನಿಂತ ಎಂಜಿನಿನೊಳಗೆ ಎಣ್ಣೆಯೆಲ್ಲ ಕೆಳಕ್ಕಿಳಿದು ಸಿಲಿಂಡರಿನ ಗೋಡೆ ಬತ್ತಲಾಗುತ್ತದೆ. ಗಾಳಿಯ ತೇವ ತಾಗಿ ತುಕ್ಕು ಹಿಡಿದು ಪಿಸ್ಟನ್ನಿನ ಬಳೆಗಳು ಗೋಡೆಗೆ ಕಚ್ಚಿಕೊಳ್ಳುತ್ತವೆ. ಟ್ಯಾಂಕಿನ ಪೆಟ್ರೋಲು ಆರಿ ಅಂಟಾಗುತ್ತದೆ. ಬ್ರೇಕಿನ ಎಣ್ಣೆ ನೀರನ್ನು ಹೀರಿ ಒಳಗಿನ ಪಿಸ್ಟನ್ನುಗಳನ್ನು ಕೆಡಿಸುತ್ತದೆ. ರಬ್ಬರು ಒಡೆಯುತ್ತದೆ. ಒಂದೇ ಕಡೆ ಭಾರ ಹೊತ್ತ ಟೈರು ಚಪ್ಪಟೆಯಾಗುತ್ತದೆ.

ಕವಿತಾಳವೂ ರಾಯಚೂರೂ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನೆಲವಾದುದರಿಂದ ಅಲ್ಲಿನ ದೃಷ್ಟಾಂತವನ್ನೇ ಕೊಡುತ್ತೇವೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಸಿಂಹಾಸನದಂತಹ ಆಸನವಿರುವ ರೋಲ್ಸ್ ರಾಯ್ಸ್ ಗಾಡಿಯೊಂದನ್ನು ತಮಗಾಗಿ ಹೇಳಿ ಮಾಡಿಸಿದರು. ಅದು ಬರುವ ಮುನ್ನವೇ, ೧೯೧೧ರಲ್ಲಿ, ಅವರು ಕಾಲವಾದರು. ೧೯೧೨ರ ಆ ಹಳದಿಯ ಗಾಡಿ ಮಗ ಉಸ್ಮಾನ್ ಅಲಿ ಖಾನರ ಕೈಸೇರಿತು. ಮೆರವಣಿಗೆಯ ಗಾಡಿಯಾದುದರಿಂದ ಅದು ಓಡಿದ್ದು ಬಹು ಸ್ವಲ್ಪ, ನಿಂತದ್ದು ದಶಕಗಟ್ಟಲೆ. ಇಂದು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಜನರು ಅದನ್ನು ಕಂಡು ಬೆರಗಾಗುತ್ತಾರೆ. ಆದರೆ ಅಲ್ಲಿಗೆ ಬಂದು ನಿಲ್ಲುವುದಕ್ಕೆ ಮುನ್ನ ಅದಕ್ಕೆ ಪುನರ್ಜನ್ಮವನ್ನೇ ಕೊಡಬೇಕಾಯಿತು. ಲೋಕದ ಮಹಾ ಶ್ರೀಮಂತರಲ್ಲಿ ಒಬ್ಬರೆನಿಸಿದವರ ಲಾಯದಲ್ಲಿಯೇ ಹೀಗಾದ ಮೇಲೆ, ಸಾಧಾರಣ ಗೃಹಸ್ಥನ ಷೆಡ್ಡಿನಲ್ಲಿ ಏನಾಗಬಹುದೆಂದು ಊಹಿಸಿಕೊಳ್ಳಬಹುದು.

ಆದುದರಿಂದ ಬೆಲೆಯ ಮಾತಾಡುವ ಮುನ್ನ ನಮ್ಮ ವಾಚಕರು ಒಂದು ಹರಕು ಚಾಪೆ, ಒಂದು ಟಾರ್ಚು, ಒಂದು ಸಣ್ಣ ದಬ್ಬಣ ಇಷ್ಟನ್ನು ತೆಗೆದುಕೊಂಡು ಹೈದರಾಬಾದಿಗೆ ಹೋಗತಕ್ಕದ್ದು. ಹೊಳೆಯುವ ಬಣ್ಣವನ್ನು ನೋಡಬಾರದು. ಗಾಡಿಯ ಕೆಳಗೆ ಮಲಗಿ ನೋಡಬೇಕು. ಬಾಗಿಲ ಕಂಬ, ಆಸನದ ಕೆಳಗಿನ ಪಟ್ಟಿ, ಹಿಂದಿನ ಪೆಟ್ರೋಲು ಟ್ಯಾಂಕಿನ ಹತ್ತಿರದ ಮರ, ಇವುಗಳನ್ನು ದಬ್ಬಣದಿಂದ ಮೆಲ್ಲನೆ ಚುಚ್ಚಿ ನೋಡಬೇಕು. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ನುಂಗುತ್ತದೆ. ಬಾಗಿಲನ್ನು ತೆರೆದಾಗ ಅದು ಕೆಳಕ್ಕೆ ಜೋತರೆ ಒಳಗಿನ ಕಂಬ ಸಡಿಲವಾಗಿದೆಯೆಂದು ತಿಳಿಯಬೇಕು. ವಿಲಾಯಿತಿಯವರಿಗೆ ಈ ಮರಕ್ಕೆ ಮಳೆಯೊಂದೇ ಶತ್ರು. ನಮಗಾದರೋ ಗೆದ್ದಲು ಎರಡನೆಯ ಶತ್ರು. ಮಣ್ಣಿನ ನೆಲದ ಮೇಲೆ ವರ್ಷಗಟ್ಟಲೆ ನಿಂತ ಗಾಡಿಯ ಚಕ್ರವನ್ನು ಏರಿ ಚೌಕಟ್ಟನ್ನು ತಲುಪುವುದು ಅದಕ್ಕೆ ದೊಡ್ಡ ಸಾಹಸವಲ್ಲ. ಮೇಲಿನ ತಗಡು ಹಾಗೆಯೇ ಇದ್ದು ಒಳಗಿನ ಮರವೆಲ್ಲ ಮಣ್ಣಾಗಿರಬಹುದು. ಮರದ ಚೌಕಟ್ಟನ್ನು ಹೊಸದಾಗಿ ಕಟ್ಟಿಸುವುದು ಈ ಗಾಡಿಯ ದೊಡ್ಡ ಖರ್ಚುಗಳಲ್ಲಿ ಒಂದು.

ಎರಡನೆಯದಾಗಿ ನೋಡತಕ್ಕದ್ದು ಸಂಖ್ಯೆಗಳನ್ನು. ಚಾಸಿಯ ಮುಂಗೊಂಬಿನ ಮೇಲೆ ಕೊರೆದ ಸಂಖ್ಯೆಯೂ, ಎಂಜಿನಿಗೆ ಜಡಿದ ಎಂಟು ಮೂಲೆಯ ಬಿಲ್ಲೆಯ ಮೇಲಿನ ಸಂಖ್ಯೆಯೂ ನೋಂದಣಿ ಪುಸ್ತಕದಲ್ಲಿರುವ ಸಂಖ್ಯೆಗಳೂ ಒಂದಕ್ಕೊಂದು ಹೊಂದಬೇಕು. ಟಿ. ಸಿ. ಗಾಡಿಗಳ ಚಾಸಿಯ ಎಣಿಕೆ ಒಂದರಿಂದ ಆರಂಭವಾಗದೆ ೦೨೫೧ರಿಂದ ಆರಂಭವಾಗುತ್ತದೆ. ಅಬಿಂಗ್ಡನ್ ಕಾರ್ಖಾನೆಯ ದೂರವಾಣಿಯ ಸಂಖ್ಯೆ ೨೫೧ ಆಗಿದ್ದುದೇ ಇದಕ್ಕೆ ಕಾರಣ! ಇಂತಹ ಸ್ವಾರಸ್ಯ ಅತ್ತ ಇರಲಿ. ಸಂಖ್ಯೆ ಹೊಂದದ ಗಾಡಿ ನೆಂಟರದ್ದಾದರೂ ಕೊಳ್ಳತಕ್ಕದ್ದಲ್ಲ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕೇಂದ್ರ ಸರ್ಕಾರವು ೨೦೨೧ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ ೫೦ ವರ್ಷ ದಾಟಿ ಮೂಲರೂಪದಲ್ಲಿಯೇ ಉಳಿದಿರುವ ಗಾಡಿಯನ್ನು ವಿಂಟೇಜ್ ಗಾಡಿಯೆಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ ೨೦,೦೦೦ ರೂಪಾಯಿ, ಅದರ ಅವಧಿ ಹತ್ತು ವರ್ಷ. ಮರುನೋಂದಣಿಗೆ ೫,೦೦೦ ರೂಪಾಯಿ. ಹೊಸದಾಗಿ ನೋಂದಾಯಿಸಿದ ಗಾಡಿಗೆ ವಿ. ಎ. ಎಂಬ ಅಕ್ಷರಗಳುಳ್ಳ ಸಂಖ್ಯೆ ಸಿಕ್ಕುತ್ತದೆ. ಮೊದಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ಹಳೆಯ ಗಾಡಿಗಳ ರ‍್ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವುದು ಮೊದಲಾದ ಕಾರ್ಯಗಳಿಗೆ ರಸ್ತೆಗೆ ತರಬಹುದೇ ಹೊರತು, ದಿನನಿತ್ಯದ ತಿರುಗಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಆದಕಾರಣ ಸಿರವಾರದ ಸಂತೆಗೂ ರಾಯಚೂರಿನ ಕಚೇರಿಗೂ ಇದರಲ್ಲಿ ಹೋಗಿಬರಬಹುದೆಂದು ಎಣಿಸಿ ಕೊಳ್ಳುವವರು ಈಗಲೇ ಆ ಎಣಿಕೆಯನ್ನು ಬಿಡತಕ್ಕದ್ದು. ತೆಲಂಗಾಣದಿಂದ ಕರ್ನಾಟಕಕ್ಕೆ ತರುವ ಗಾಡಿಯಾದುದರಿಂದ ಅಲ್ಲಿನ ನಿರಾಕ್ಷೇಪಣ ಪತ್ರವನ್ನೂ ಪಡೆಯಬೇಕಾಗುತ್ತದೆ.

ಗಾಡಿ ಮನೆಗೆ ಬಂತೆಂದು ಇಟ್ಟುಕೊಳ್ಳೋಣ. ಆ ಸಂಜೆಯೇ ಬ್ಯಾಟರಿ ಜೋಡಿಸಿ ಎಂಜಿನನ್ನು ತಿರುಗಿಸುವ ಆತುರ ಎಲ್ಲರಿಗೂ ಆಗುವುದು ಸಹಜ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಆ ಸಂಜೆಗಾಗಿಯೇ ಹುಟ್ಟಿದ್ದು. ತುಕ್ಕು ಕಚ್ಚಿದ ಬಳೆಗಳನ್ನು ವಿದ್ಯುತ್ತಿನ ಬಲದಿಂದ ಎಳೆದರೆ ಅವು ಮುರಿದು ಸಿಲಿಂಡರನ್ನು ಗೀರುತ್ತವೆ. ಮೊದಲು ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಒಳಕ್ಕೆ ಸ್ವಲ್ಪ ತೆಳ್ಳನೆಯ ಎಣ್ಣೆಯನ್ನು ಬಿಟ್ಟು ಕೆಲವು ದಿನ ನೆನೆಯಗೊಡಬೇಕು. ಬಳಿಕ ಮುಂದಿನ ಹಿಡಿಯಿಂದ ಕೈಯಾರೆ ತಿರುಗಿಸಿ ನೋಡಬೇಕು. ಅದು ಸಲೀಸಾಗಿ ತಿರುಗಿದ ಮೇಲೆ ಹಳೆಯ ಎಣ್ಣೆಯನ್ನು ಬಸಿದು, ತಳದ ತೊಟ್ಟಿಯನ್ನು ತೊಳೆದು, ಹೊಸದನ್ನು ಹಾಕಬೇಕು. ಟ್ಯಾಂಕನ್ನು ಬಿಚ್ಚಿ ಒಳಗಿನ ಕಿಟ್ಟವನ್ನು ತೆಗೆಸಬೇಕು. ಎಂಜಿನು ಚಾಲೂ ಆದರೂ, ಬ್ರೇಕುಗಳು ಪೂರ್ತಿಯಾಗಿ ಹೊಸದಾಗುವವರೆಗೆ ಗಾಡಿ ಅಂಗಳವನ್ನು ದಾಟಬಾರದು. ನಿಲ್ಲಲಾರದ ಗಾಡಿಗೆ ಓಡುವ ಅಧಿಕಾರವಿಲ್ಲ. ಬಣ್ಣ ಎಲ್ಲಕ್ಕೂ ಕೊನೆಯ ಮಾತು. ಬಣ್ಣವನ್ನೇ ಮೊದಲು ಮಾಡಿಸಿದವರು ಆಮೇಲೆ ಮರವನ್ನು ಬಿಚ್ಚುವಾಗ ಆ ಬಣ್ಣವನ್ನೆಲ್ಲ ಒಡೆದುಕೊಂಡಿದ್ದಾರೆ.

ಇನ್ನು ಪೆಟ್ರೋಲು. ಈ ಎಂಜಿನನ್ನು ರೂಪಿಸಿದ ಮೇಲೆ ಪೆಟ್ರೋಲಿನ ಗುಣ ಎರಡು ಸಲ ಬದಲಾಗಿದೆ. ಮೊದಲನೆಯದಾಗಿ, ಅಂದಿನ ಪೆಟ್ರೋಲಿನಲ್ಲಿ ಸೀಸದ ಅಂಶವಿರುತ್ತಿತ್ತು. ಅದು ಎಂಜಿನಿನ ವಾಲ್ವುಗಳು ಕೂರುವ ಪೀಠಗಳನ್ನು ಸವೆಯದಂತೆ ಕಾಯುತ್ತಿತ್ತು. ಪ್ರಜೆಗಳ ಆರೋಗ್ಯದ ದೃಷ್ಟಿಯಿಂದ ನಮ್ಮ ದೇಶದಲ್ಲಿ ೨೦೦೦ದಲ್ಲಿ ಸೀಸವನ್ನು ಪೂರ್ತಿಯಾಗಿ ಕೈಬಿಡಲಾಯಿತು. ಸುಮ್ಮನೆ ಮೆಲ್ಲಗೆ ಓಡಿಸುವವನಿಗೆ ಇದರಿಂದ ಬೇಗ ತೊಂದರೆಯಾಗದು; ಆದರೂ ಎಂಜಿನಿನ ತಲೆಯನ್ನು ಬಿಚ್ಚಿದಾಗ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸಿಕೊಳ್ಳುವುದು ಲೇಸು. ಎರಡನೆಯದು ಎಥನಾಲ್. ೨೦೨೫ರ ವೇಳೆಗೆ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಕಬ್ಬು, ಧಾನ್ಯ ಮೊದಲಾದುವುಗಳಿಂದ ತೆಗೆದ ಈ ಮದ್ಯಸಾರ ಸೇರಿತು. ರೈತನಿಗೆ ಇದರಿಂದ ಲಾಭವಿರಬಹುದು, ಹಳೆಯ ಗಾಡಿಗೆ ಮಾತ್ರ ಇದು ಒಗ್ಗುವುದಿಲ್ಲ. ಅದು ಹಳೆಯ ರಬ್ಬರನ್ನೂ ಕಾರ್ಕನ್ನೂ ಮೆತ್ತಗಾಗಿಸುತ್ತದೆ. ನೀರನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಎಂಜಿನಿಗೆ ಸಿಕ್ಕುವ ಮಿಶ್ರಣವನ್ನು ತೆಳುವಾಗಿಸುತ್ತದೆ. ಎಥನಾಲನ್ನು ತಾಳುವ ಹೊಸ ಕೊಳವೆಗಳನ್ನೂ ಮುಚ್ಚಿಗೆಗಳನ್ನೂ ಹಾಕಿಸಿ, ಕಾರ್ಬ್ಯುರೇಟರಿನ ಮಿಶ್ರಣವನ್ನು ತುಸು ದಪ್ಪಗಾಗಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಬಸಿದಿಡಬೇಕು. ರಬ್ಬರು ಕೊಳವೆಯಲ್ಲಿ ಕಂಡ ಒಂದು ಬಿರುಕು ಬಿಸಿ ಎಂಜಿನಿನ ಮೇಲೆ ಬೆಂಕಿಯಾಗಬಹುದು. ಬೆಂಕಿಯಾರಿಸುವ ಸಣ್ಣ ಸಿಲಿಂಡರೊಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳದೆ ಹೊರಡಕೂಡದು.

ರಾಯಚೂರು ಸೀಮೆಯ ಬಿಸಿಲನ್ನು ಅಬಿಂಗ್ಡನ್ನಿನ ಕುಶಲಿಗಳು ಕನಸಿನಲ್ಲಿಯೂ ಕಂಡಿರಲಾರರು. ಉಷ್ಣತೆ ನಲವತ್ತು ಡಿಗ್ರಿ ದಾಟುವ ಚೈತ್ರ ವೈಶಾಖಗಳಲ್ಲಿ ಈ ಗಾಡಿಯನ್ನು ಮುಂಜಾನೆಯಲ್ಲದೆ ಹೊರಕ್ಕೆ ತೆಗೆಯಬಾರದು. ಕಾರ್ಬ್ಯುರೇಟರುಗಳೂ ಕೆಂಡದಂತೆ ಕಾಯುವ ಹೊಗೆಕೊಳವೆಯೂ ಎಂಜಿನಿನ ಒಂದೇ ಮಗ್ಗುಲಿನಲ್ಲಿರುವುದರಿಂದ, ಬಿಸಿಯಲ್ಲಿ ನಿಲ್ಲಿಸಿದರೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ, ಗಾಡಿ ಮತ್ತೆ ಚಾಲೂ ಆಗದೆ ಹಟ ಹಿಡಿಯುತ್ತದೆ. ಆಗ ಬಾನೆಟ್ಟನ್ನು ಎತ್ತಿ ನೆರಳಿನಲ್ಲಿ ಅರ್ಧ ಗಂಟೆ ಕಾಯುವುದೇ ಮದ್ದು. ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಕಡೆಯ ಕೊಳವೆ ಬಾವಿಗಳ ಗಡಸು ನೀರು ಹಂಡೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಮುಚ್ಚಿದರೆ ಎಂಜಿನು ಕುದಿಯುತ್ತದೆ. ಬಟ್ಟಿ ಇಳಿಸಿದ ನೀರಿಗೆ ತುಕ್ಕು ತಡೆಯುವ ದ್ರವವನ್ನು ಬೆರೆಸಿ ತುಂಬುವುದೇ ಸರಿ.

ವಿದ್ಯುತ್ತಿನ ವಿಷಯದಲ್ಲಿ ಈ ಗಾಡಿಯದು ಇಂದಿನ ಗಾಡಿಗಳಿಗೆ ತಿರುಗುಮುರುಗಾದ ಪದ್ಧತಿ. ಇಂದಿನ ಗಾಡಿಗಳಲ್ಲಿ ಬ್ಯಾಟರಿಯ ಋಣ ತುದಿಯನ್ನು ಗಾಡಿಯ ಮೈಗೆ ಕಟ್ಟುತ್ತಾರೆ. ಇದರಲ್ಲಿ ಧನ ತುದಿಯನ್ನು ಕಟ್ಟಬೇಕು. ತಿಳಿಯದ ಹುಡುಗನೊಬ್ಬ ವಾಡಿಕೆಯಂತೆ ಜೋಡಿಸಿದರೆ ಡೈನಮೋವಿಗೂ ಇತರ ಉಪಕರಣಗಳಿಗೂ ಅಪಾಯ ತಪ್ಪಿದ್ದಲ್ಲ. ಯಾರಾದರೂ ಹಿಂದೆ ಇದನ್ನು ಬದಲಿಸಿರಲೂಬಹುದು; ಆದುದರಿಂದ ಪರೀಕ್ಷಿಸಿ ನೋಡಿ, ಬ್ಯಾಟರಿಯ ಹತ್ತಿರವೇ ದೊಡ್ಡ ಅಕ್ಷರಗಳಲ್ಲಿ ಬರೆದಂಟಿಸತಕ್ಕದ್ದು. ಬಟ್ಟೆ ಸುತ್ತಿದ ಹಳೆಯ ತಂತಿಗಳು ಒಣಗಿ ಉದುರುತ್ತಿದ್ದರೆ ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡಿಸುವುದು ಒಳ್ಳೆಯದು. ಕಾಲುವೆಯ ನೀರು ಬಂದು ಬತ್ತ ಬೆಳೆಯುವ ಸೀಮೆಯಲ್ಲಿ ಇಲಿಗಳಿಗೆ ಬರವಿಲ್ಲ. ಗಾಡಿಯಿರುವ ಷೆಡ್ಡಿನಲ್ಲಿ ಬತ್ತದ ಚೀಲವನ್ನೂ ಹಿಂಡಿಯನ್ನೂ ಇಡಲೇಬಾರದು. ತಂತಿ ಕಡಿಯುವುದಕ್ಕೂ ಆಸನದಲ್ಲಿ ಗೂಡು ಕಟ್ಟುವುದಕ್ಕೂ ಇಲಿಗೆ ಒಂದು ರಾತ್ರಿ ಸಾಕು.

ಚಕ್ರಗಳನ್ನು ಕಾಣುವುದಕ್ಕೆ ಎಷ್ಟು ಚೆಂದವೋ ನೋಡಿಕೊಳ್ಳುವುದಕ್ಕೆ ಅಷ್ಟು ಕಷ್ಟ. ಒಂದೊಂದು ಕಡ್ಡಿಯನ್ನೂ ಸಣ್ಣ ಪಾನಾದಿಂದ ಮೆಲ್ಲನೆ ತಟ್ಟಿ ಕೇಳಬೇಕು. ಬಿಗಿಯಾದದ್ದು ತಂಬೂರಿಯ ತಂತಿಯಂತೆ ನುಡಿಯುತ್ತದೆ. ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಚಕ್ರವನ್ನು ನಡುವೆ ಒಂದೇ ಒಂದು ರೆಕ್ಕೆಯ ನಟ್ಟು ಹಿಡಿದಿರುತ್ತದೆ. ಎಡಗಡೆಯ ನಟ್ಟಿನ ತಿರುಪು ಒಂದು ದಿಕ್ಕಿಗೆ, ಬಲಗಡೆಯದು ಅದಕ್ಕೆ ಎದುರು ದಿಕ್ಕಿಗೆ. ಬಿಚ್ಚುವ ದಿಕ್ಕನ್ನು ನಟ್ಟಿನ ಮೇಲೆಯೇ ಗುರುತಿಸಿರುತ್ತಾರೆ. ಅದನ್ನು ಓದದೆ ಹೊಡೆಯುವವನು ಬಿಚ್ಚುವ ಬದಲು ಬಿಗಿಯುತ್ತಿರುತ್ತಾನೆ. ಕಬ್ಬಿಣದ ಸುತ್ತಿಗೆ ಬೇಡ, ತಾಮ್ರದ್ದು ಬೇಕು. ನಟ್ಟಿನ ಒಳಗಿನ ಹಲ್ಲುಗಳಿಗೆ ಗ್ರೀಸು ಸವರಿರಬೇಕು.

ಪಾನಾಗಳ ವಿಷಯವಾಗಿಯೂ ಒಂದು ಮಾತು. ಇದರ ಬೋಲ್ಟುಗಳ ತಲೆ ಹಳೆಯ ವಿಟ್‌ವರ್ತ್ ಎಂಬ ಇಂಗ್ಲಿಷ್ ಅಳತೆಯದು. ಎಂಜಿನಿನಲ್ಲಿಯಾದರೋ ತಲೆ ಮಾತ್ರ ವಿಟ್‌ವರ್ತ್, ತಿರುಪಿನ ಎಳೆ ಫ್ರೆಂಚರ ಮೆಟ್ರಿಕ್ ಅಳತೆಯದು. ಆ ಎಂಜಿನುಗಳನ್ನು ಮಾಡಿದ ಕಾರ್ಖಾನೆಯು ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದಾಗಿದ್ದು, ಅದರ ಯಂತ್ರಗಳೇ ಮುಂದೆಯೂ ನಡೆದುಬಂದುದು ಈ ವಿಚಿತ್ರಕ್ಕೆ ಕಾರಣ. ಇದನ್ನರಿಯದೆ ಇಂದಿನ ಪಾನಾ ಹಾಕಿ ಬಲವಂತವಾಗಿ ತಿರುಗಿಸಿದರೆ ಬೋಲ್ಟಿನ ಮೂಲೆಗಳು ದುಂಡಗಾಗುತ್ತವೆ. ಇಂಗ್ಲಿಷ್ ಎಳೆಯ ಬೋಲ್ಟನ್ನು ಮೆಟ್ರಿಕ್ ತೂತಿಗೆ ತುರುಕಿದರೆ ಎಂಜಿನಿನ ಎಳೆಯೇ ಹಾಳು. ಸರಿಯಾದ ಪಾನಾಗಳ ಒಂದು ಕಟ್ಟು ಗಾಡಿಗಿಂತ ಮೊದಲು ಮನೆಗೆ ಬರಲಿ.

ಇಷ್ಟೆಲ್ಲ ಸರಿಯಾದ ಮೇಲೆ ವಾರದ ಸಾಕಣೆ ಆರಂಭವಾಗುತ್ತದೆ. ವಾರಕ್ಕೊಮ್ಮೆ ಎಣ್ಣೆಯ ಮಟ್ಟ, ನೀರಿನ ಮಟ್ಟ, ಬ್ರೇಕಿನ ಎಣ್ಣೆಯ ಮಟ್ಟಗಳನ್ನು ನೋಡಿ, ಟೈರಿಗೆ ಗಾಳಿ ತುಂಬಿ, ಎಂಜಿನು ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ತರಬೇಕು. ಲಿಂಗಸುಗೂರಿನ ದಾರಿಯಲ್ಲಿ ಮುಂಜಾನೆ ಹತ್ತು ಮೈಲಿ ಹೋಗಿ ಬಂದರೆ ಸಾಕು. ಪ್ರತಿ ವಾರದ ಈ ಓಟಕ್ಕೆ ನೋಂದಣಿಯ ನಿಯಮ ಎಷ್ಟು ಅವಕಾಶ ಕೊಡುವುದೆಂಬುದನ್ನು ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಿಕೊಂಡಿರಬೇಕು. ನಿಂತಲ್ಲಿಯೇ ಐದು ನಿಮಿಷ ಎಂಜಿನು ತಿರುಗಿಸಿ ಆರಿಸುವುದು ಒಳಗೆ ತೇವವನ್ನು ಕೂಡಿಸುವುದೇ ಹೊರತು ಉಪಕಾರವಲ್ಲ. ಕೆಲವು ನೂರು ಮೈಲಿಗಳಿಗೊಮ್ಮೆ ಕೆಳಗಿನ ಕೀಲುಗಳಿಗೆಲ್ಲ ಗ್ರೀಸು ಒತ್ತಬೇಕು. ಎರೆಮಣ್ಣಿನ ಧೂಳು ಗ್ರೀಸಿನೊಡನೆ ಬೆರೆತರೆ ಸಾಣೆಯ ಹಿಟ್ಟಿನಂತೆ ಅರೆಯುವುದರಿಂದ, ಒರೆಸಿಯೇ ಒತ್ತಬೇಕು. ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕಲ್ಲದೆ, ಮರದ ಚೌಕಟ್ಟಿಗೆ ಇಳಿಯುವಂತೆ ನೀರು ಸುರಿಯಬಾರದು. ವರ್ಷಕ್ಕೆರಡು ಸಲ ಗೆದ್ದಲಿನ ಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಬ್ರೇಕಿನ ಎಣ್ಣೆಯ ಬದಲಾವಣೆ. ಗಾಡಿಯ ಕೆಳಗೆ ದಿನವೂ ಎರಡು ತೊಟ್ಟು ಎಣ್ಣೆ ಬಿದ್ದರೆ ಗಾಬರಿಯಾಗಬೇಕಾಗಿಲ್ಲ. ಎಂಜಿನಿನ ಹಿಂಬದಿಯಲ್ಲಿ ಇಂದಿನಂತಹ ಮುಚ್ಚಿಗೆಯಿಲ್ಲ. ದಂಡದ ಮೇಲೆ ಕೊರೆದ ಸುರುಳಿಯೇ ಎಣ್ಣೆಯನ್ನು ಒಳಕ್ಕೆ ತಳ್ಳಬೇಕು, ನಿಂತಾಗ ಸ್ವಲ್ಪ ಜಿನುಗುವುದು ಅದರ ಜಾಯಮಾನ. ಒಂದು ತಟ್ಟೆ ಇಟ್ಟರಾಯಿತು. ತೊಟ್ಟು ಧಾರೆಯಾದರೆ ಮಾತ್ರ ರೋಗ.

ಬಿಡಿಭಾಗಗಳಿಗೆ ಚಿಂತೆಯಿಲ್ಲ. ಇಂಗ್ಲೆಂಡಿನಲ್ಲಿ ೧೯೩೦ರಲ್ಲಿಯೇ ಹುಟ್ಟಿದ ಎಂ. ಜಿ. ಕಾರ್ ಕ್ಲಬ್ಬು ಈಗಲೂ ಇದೆ, ಟಿ. ಸಿ. ಗಾಡಿಯ ಬಹುತೇಕ ಭಾಗಗಳನ್ನು ಅಲ್ಲಿ ಈಗಲೂ ಹೊಸದಾಗಿ ಮಾಡಿ ಮಾರುತ್ತಾರೆ. ಹಡಗಿನ ಕೂಲಿಯೂ ಸುಂಕವೂ ಕೂಡಿ ಬೆಲೆ ಮಾತ್ರ ಭಾರವಾಗುತ್ತದೆ. ಹೆಚ್ಚು ಚಿಂತೆಯಿರುವುದು ಕೈಗಳಿಗೆ. ಶಬ್ದವನ್ನು ಕೇಳಿ ಕಾರ್ಬ್ಯುರೇಟರನ್ನು ಹದ ಮಾಡಬಲ್ಲ ಮೇಸ್ತ್ರಿಗಳು ರಾಯಚೂರಿನಲ್ಲಿಯೂ ಈಗ ಮುಪ್ಪಿನವರು. ಇಂದಿನ ಹುಡುಗರು ಗಣಕಯಂತ್ರವನ್ನು ಜೋಡಿಸಿ ದೋಷ ಹುಡುಕುವುದರಲ್ಲಿ ಜಾಣರು. ಗಣಕವೇ ಇಲ್ಲದ ಗಾಡಿಯ ಮುಂದೆ ಅವರು ಸುಮ್ಮನೆ ನಿಲ್ಲುತ್ತಾರೆ. ಹಿರಿಯ ಮೇಸ್ತ್ರಿಯೊಬ್ಬರನ್ನು ಹುಡುಕಿ, ತಕ್ಕ ಕೂಲಿಯನ್ನೂ ಮರ್ಯಾದೆಯನ್ನೂ ಕೊಟ್ಟು, ಅವರು ಕೆಲಸ ಮಾಡುವಾಗ ಊರಿನ ಒಬ್ಬ ಹುಡುಗನನ್ನು ಪಕ್ಕದಲ್ಲಿ ಕೂರಿಸಿದರೆ ಗಾಡಿಯ ಜೊತೆಗೆ ವಿದ್ಯೆಯೂ ಉಳಿದೀತು. ನಮ್ಮ ವಾಚಕರ ಮಗಳೂ ಪಾನಾ ಹಿಡಿಯಬಾರದೆಂದೇನೂ ಇಲ್ಲ. ಎಂಜಿನು ಹೇಗೆ ಉಸಿರಾಡುತ್ತದೆಂಬುದನ್ನು ಈ ಗಾಡಿಯಷ್ಟು ಬಿಚ್ಚಿ ತೋರಿಸುವ ಪಾಠಪುಸ್ತಕ ಇನ್ನೊಂದಿಲ್ಲ.

ಈಗ ಹಣದ ಮಾತು. ಗೃಹಿಣಿಯ ಆಕ್ಷೇಪಣೆಯನ್ನು ಜಿಪುಣತನವೆಂದು ತಳ್ಳಿಹಾಕುವುದು ನಮಗೆ ಸಮ್ಮತವಲ್ಲ. ಇದು ಗಳಿಸುವ ಗಾಡಿಯಲ್ಲ, ಗಳಿಸಿದ್ದನ್ನು ತಿನ್ನುವ ಗಾಡಿ. ಬೆಲೆ ಮುಂದೆ ಏರೀತೆಂಬ ಆಸೆಯಿಂದ ಕೊಳ್ಳುವವರೂ ಉಂಟು. ಆದರೆ ಸಾಕಣೆಯ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ ಆ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ. ನಮ್ಮ ಎಣಿಕೆಯಲ್ಲಿ, ಕೊಳ್ಳುವ ಬೆಲೆಯಷ್ಟನ್ನೇ ಇನ್ನೊಮ್ಮೆ ಎತ್ತಿಡಬಲ್ಲವನು ಮಾತ್ರ ನಿಂತ ಗಾಡಿಯನ್ನು ಕೊಳ್ಳಬೇಕು. ಆ ಹಣ ಮಗಳ ಓದಿನ ಹಣವಾಗಿರಕೂಡದು. ಓದಿನ ವರ್ಷಗಳು ಒಮ್ಮೆ ಹೋದರೆ ಮರಳಿ ಬಾರವು. ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಿದ ಗಾಡಿ, ಒಣಗಿದ ನೆಲದ ಮೇಲೆ ಹೊದಿಕೆ ಹೊದೆಸಿ, ಪೆಟ್ರೋಲು ಬಸಿದು, ಸಿಲಿಂಡರಿಗೆ ಎಣ್ಣೆ ಬಿಟ್ಟು, ಚಕ್ರಗಳನ್ನು ಮೇಲೆತ್ತಿ ಇರಿಸಿದರೆ ಇನ್ನೂ ಮೂರು ವರ್ಷ ಕಾದೀತು. ಈ ನಾಲ್ಕು ಕೆಲಸಗಳನ್ನು ಮಾವನವರ ಷೆಡ್ಡಿನಲ್ಲಿಯೇ ಹೋಗಿ ಮಾಡಿಬರಲು ಹೆಚ್ಚು ಖರ್ಚಿಲ್ಲ. ಒಂದು ರವಿವಾರ ಸಾಕು.

ಆ ನಡುವೆ ಗಂಡ ಹೆಂಡಿರಿಬ್ಬರೂ ಧರ್ಮಸ್ಥಳಕ್ಕೆ ಹೋಗಿ ಬರಲಿ. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹ ಅಲ್ಲಿದೆ. ಬೆಂಗಳೂರು ಮೈಸೂರು ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಅವರದೇ ಆಸಕ್ತಿಯಿಂದ ಪಯಣ ಎಂಬ ವಾಹನ ಸಂಗ್ರಹಾಲಯವೂ ಎದ್ದಿದೆ. ಅಲ್ಲಿಯ ಗಾಡಿಗಳ ಹೊಳಪನ್ನು ಮಾತ್ರ ನೋಡಿ ಬರದೆ, ಅವುಗಳನ್ನು ಒರೆಸುವವರನ್ನೂ ದುರಸ್ತಿ ಮಾಡುವವರನ್ನೂ ಮಾತನಾಡಿಸಿ, ವಾರಕ್ಕೆ ಎಷ್ಟು ಹೊತ್ತು, ವರ್ಷಕ್ಕೆ ಎಷ್ಟು ಖರ್ಚು ಎಂದು ಕೇಳಬೇಕು. ಹಾಗೆ ಕೇಳಿದ ಮೇಲೂ ಮನಸ್ಸು ಹಿಂಜರಿಯದಿದ್ದರೆ ಅದು ನಿಜವಾದ ಆಸೆ. ಹಿಂಜರಿದರೆ ಅಷ್ಟೂ ಹಣ ಉಳಿಯಿತು.

ನಮ್ಮ ಅಭಿಪ್ರಾಯ ಇಷ್ಟು. ಓದಿನ ಹಣವನ್ನು ಮುಟ್ಟದೆ, ಮನೆಯಾಕೆಯ ಒಪ್ಪಿಗೆಯೊಡನೆ, ವಾರಕ್ಕೆ ಎರಡು ಗಂಟೆಯ ಹೊತ್ತನ್ನೂ ಗಚ್ಚು ನೆಲದ ಒಂದು ಷೆಡ್ಡನ್ನೂ ಕೊಡಲು ಆಗುವುದಾದರೆ ಕೊಳ್ಳಬಹುದು, ಸಂತೋಷದಿಂದ ಕೊಳ್ಳಬಹುದು. ಆಗದಿದ್ದರೆ, ಸಾಕಬಲ್ಲವರು ಯಾರಿದ್ದಾರೆಂದು ಮಾವನವರಿಗೆ ಹುಡುಕಿಕೊಡುವುದೂ ಸೋದರಳಿಯನಿಗೆ ತಕ್ಕ ಸೇವೆಯೇ. ಈ ಗಾಡಿಗೆ ಯಜಮಾನನ ಹೆಸರು ಮುಖ್ಯವಲ್ಲ; ವಾರಕ್ಕೊಮ್ಮೆ ಬಾನೆಟ್ಟನ್ನು ಎತ್ತುವ ಕೈ ಮುಖ್ಯ.